ಆಯಿಗೆ, ಬೂಷ್ಟಿನ ವಿಷಯ

ಮ್ಯಾಂಚೆಸ್ಟರ್
ಜುಲೈ 12

ಪ್ರೀತಿಯ ಆಯಿ,

ಮೊನ್ನೆ ಫೋನಿನಲ್ಲಿ ನೀನು ಕೆಮ್ಮುತ್ತಾ ಹೇಳಿದ್ದು ಕೇಳಿ ನನಗೆ ಸಿಟ್ಟೇ ಬಂತು. ಬಚ್ಚಲ ಗೋಡೆಯ ಕರಿ ಬೂಷ್ಟು ಹೋಗಲಿಲ್ಲ ಅಂತ ಬ್ಲೀಚಿಂಗ್ ಪೌಡರಿನ ಮೇಲೆ ಟಾಯ್ಲೆಟ್ ತೊಳೆಯುವ ಆಸಿಡ್ ಸುರಿದೆಯಂತೆ! ಅದೂ ಬಾಗಿಲು ಹಾಕಿಕೊಂಡು. ಅವೆರಡು ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ ಆಯಿ. ಗಂಟಲು ಉರಿದದ್ದು ಅದಕ್ಕೇ. ಇನ್ನೊಂದು ಸಲ ಆ ಸಾಹಸ ಬೇಡ. ವಿನೆಗರ್ ಕೂಡ ಸೇರಿಸಬೇಡ. ಕೆಮ್ಮು ಇನ್ನೂ ಇದ್ದರೆ ಶಿರಸಿಗೆ ಹೋಗಿ ಡಾಕ್ಟರಿಗೆ ತೋರಿಸು, ಕಷಾಯ ಸಾಲದು. ಫೋನಿನಲ್ಲಿ ಹೇಳಿದರೆ "ಆತು ಆತು" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ನಿನಗೆ ಬುದ್ಧಿ ಹೇಳುವ ನನ್ನ ಕಥೆಯೂ ಅಷ್ಟೇ. ಕಳೆದ ಚಳಿಗಾಲದಲ್ಲಿ ನನ್ನ ಕೋಣೆಯ ಕಪಾಟು ಸರಿಸಿದರೆ, ಹಿಂದಿನ ಗೋಡೆ ತುಂಬ ಕಾಡಿಗೆ ಚಿಮುಕಿಸಿದ ಹಾಗೆ ಚುಕ್ಕೆ. ನೀನು ಕೊಟ್ಟ ಕಂದು ಸೀರೆಗೂ ಮುಗ್ಗು ವಾಸನೆ. ಮನೆ ಮಾಲೀಕರಿಗೆ ಹೇಳಿದೆ. "ಕಿಟಕಿ ತೆಗೆದಿಡಿ" ಅಂದರು, ಹೊರಗೆ ಎರಡು ಡಿಗ್ರಿ ಚಳಿ! ಆಮೇಲೆ ಒಬ್ಬ ಬಂದು ಮೇಲೆ ಬಿಳಿ ಬಣ್ಣ ಬಳಿದು ಹೋದ. ಮೂರೇ ವಾರ. ಬಣ್ಣ ಸೀಳಿಕೊಂಡು ಅದೇ ಜಾಗದಲ್ಲಿ ಅದೇ ಚುಕ್ಕೆ.

ತೇವ ಅಳೆಯುವ ಸಣ್ಣ ಮೀಟರ್ ತಂದೆ. ಶೇಕಡಾ 78 ತೋರಿಸಿತು. 60ಕ್ಕಿಂತ ಕೆಳಗಿದ್ದರೆ ಬೂಷ್ಟಿಗೆ ಕಷ್ಟ. ಇಷ್ಟು ನೀರು ಎಲ್ಲಿಂದ ಅಂತ ಹುಡುಕಿದರೆ, ಎಲ್ಲಾ ನಮ್ಮದೇ. ಒಗೆದ ಬಟ್ಟೆ ಹೀಟರಿನ ಮೇಲೆ, ಮುಚ್ಚಳ ಇಲ್ಲದ ಅನ್ನದ ಪಾತ್ರೆ, ಸ್ನಾನದ ಹಬೆ, ಇಬ್ಬರ ಉಸಿರು. ಹೊರಗೋಡೆ ತಣ್ಣಗಿರುತ್ತದಲ್ಲ, ತಂಪು ನೀರಿನ ಲೋಟ ಬೆವರುವ ಹಾಗೆ ಆ ಹಬೆಯೆಲ್ಲ ಅಲ್ಲೇ ನೀರಾಗುತ್ತಿತ್ತು. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಇಟ್ಟೆ. ಬಟ್ಟೆಯನ್ನು ಬಚ್ಚಲಿಗೆ ಸಾಗಿಸಿ, ಬಾಗಿಲು ಮುಚ್ಚಿ ಫ್ಯಾನ್ ಹಾಕಿದೆ. ಎಷ್ಟೇ ಚಳಿ ಇರಲಿ, ಬೆಳಿಗ್ಗೆ ಹತ್ತು ನಿಮಿಷ ಕಿಟಕಿ ತೆಗೆದೆ. ಗೋಡೆಯನ್ನು ಬರೀ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆ. ಒಣ ಬ್ರಷ್‌ನಲ್ಲಿ ತಿಕ್ಕಿದರೆ ಪುಡಿ ಹಾರಿ ಮೂಗಿಗೆ ಬರುತ್ತದೆ. ಮಾರ್ಚಿನಿಂದ ಇಲ್ಲಿಯವರೆಗೆ ಮತ್ತೆ ಬಂದಿಲ್ಲ. ಇದು ಸುಮ್ನೆ ಗೋಡೆ ಅಂದಗೆಡುವ ವಿಷಯ ಅಲ್ಲ ಆಯಿ. ಇಲ್ಲೇ ಹತ್ತಿರದ ರಾಕ್‌ಡೇಲ್‌ನಲ್ಲಿ 2020ರಲ್ಲಿ ಎರಡು ವರ್ಷದ ಮಗುವೊಂದು ಮನೆಯ ಬೂಷ್ಟಿನಿಂದಲೇ ಉಸಿರಾಟ ಕೆಟ್ಟು ತೀರಿಕೊಂಡಿತು.

ಈಗ ನಮ್ಮನೆ ಯೋಚನೆ ಮಾಡು. ಹಳೇ ಮನೆಯಲ್ಲಿ ಇಷ್ಟು ಬೂಷ್ಟು ಇತ್ತಾ? ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು. ಒಲೆಯ ಹೊಗೆ ಅಟ್ಟದವರೆಗೂ ಹೋಗುತ್ತಿತ್ತು. ಬಚ್ಚಲು ಹೊರಗಿತ್ತು, ಅದರ ಒಲೆಯ ಮೇಲೆ ಹಗ್ಗ ಕಟ್ಟಿ ಮಳೆಗಾಲದ ಬಟ್ಟೆ ಒಣಗಿಸುತ್ತಿದ್ದೆ. ಈಗ ಸ್ಲ್ಯಾಬ್, ಗ್ಯಾಸ್, ಕೋಣೆಯೊಳಗೇ ಬಚ್ಚಲು. ಅದಕ್ಕೆ ಪುಸ್ತಕದಷ್ಟು ಕಿಟಕಿ, ಅದನ್ನೂ ಉಂಬಳ (ಜಿಗಣೆ) ಬರುತ್ತದೆ ಅಂತ ಮುಚ್ಚಿಟ್ಟಿದ್ದೀಯ. ಹೊಗೆ ಬೇಕು ಅಂತ ಹೇಳುತ್ತಿಲ್ಲ, ನಿನ್ನ ಕಣ್ಣು ಕೆಂಪಾಗುತ್ತಿದ್ದದ್ದು ನನಗೆ ಗೊತ್ತು. ಕಿಟಕಿಗೆ ಬಲೆ ಬಡಿಸಿ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸು. ಅದಕ್ಕಿಂತ ಮೊದಲು ಸ್ಲ್ಯಾಬಿನ ಪೈಪು ಒಡೆದು ನೀರು ಗೋಡೆಗೆ ಇಳಿಯುತ್ತಿದೆಯಾ ಅಂತ ನೋಡಿಸು. ಹಾಗಿದ್ದರೆ ಫ್ಯಾನಿನಿಂದ ಏನೂ ಆಗುವುದಿಲ್ಲ.

ಅಪ್ಪೆಮಿಡಿ ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಿದ್ದಕ್ಕೆ ನನ್ನ ಕೈಗೆ ಎಷ್ಟು ಸಲ ಹೊಡೆದಿಲ್ಲ ನೀನು? ಗೋಡೆಯೂ ಅದೇ ಭರಣಿ.

ಅಪ್ಪಯ್ಯನಿಗೆ ಎರಡು ಮಾತು ಓದಿ ಹೇಳು. ಅಡಿಕೆಗೆ ಹೊಡೆದು ಉಳಿದ ಮದ್ದನ್ನು ಬಚ್ಚಲ ಗೋಡೆಗೆ ಹೊಡೆಯುತ್ತೇನೆ ಅಂದರಂತೆ, ಬೇಡ. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು ನೂರು ಲೀಟರ್. ಬೋರ್ಡೋ ಮದ್ದಿನ ಈ ಲೆಕ್ಕ ನನಗೆ ಮಗ್ಗಿಯ ಹಾಗೆ ಬಾಯಿಪಾಠ. ಅವರು ಚಾಕು ಅದ್ದಿ ನೋಡುತ್ತಿದ್ದದ್ದೂ ನೆನಪಿದೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ "ಸುಣ್ಣ ಸಾಲದು" ಅಂತ ಇನ್ನಷ್ಟು ಹಾಕುತ್ತಿದ್ದರು. ಆದರೆ ಆ ಮದ್ದು ಅಡಿಕೆಗೆ ಕೊಳೆರೋಗ ಬಾರದ ಹಾಗೆ ತಡೆಯುತ್ತದೆ, ಕೊಳೆತ ಕಾಯಿಯನ್ನು ಉಳಿಸುವುದಿಲ್ಲ. ಅದಕ್ಕೇ ಅಲ್ವಾ ಮಳೆ ಹಿಡಿಯುವ ಮೊದಲೇ, ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನ ಬೆನ್ನು ಹತ್ತುವುದು? ಕೊಳೆರೋಗ ತರುವುದು ನಿಜವಾದ ಶಿಲೀಂಧ್ರವೇ ಅಲ್ಲ, ಕಂದು ಪಾಚಿಯ ದೂರದ ನೆಂಟ ಅಂತ ಈಗಿನ ವಿಜ್ಞಾನಿಗಳು ಹೇಳುತ್ತಾರೆ. ಅಪ್ಪಯ್ಯನಿಗೆ ಹೇಳಿದರೆ "ನೆಂಟನೋ ಅಳಿಯನೋ, ಕಾಯಿ ಉದುರಿಸ್ತಲ್ಲ" ಅಂದಾರು.

ಇನ್ನೊಂದು, ಬಾವಿ ಹತ್ತಿರದ ಅಡಿಕೆ ಮರದ ಬುಡದ ಅಣಬೆ. ಕೋಲಿನಿಂದ ಹೊಡೆದು ಬೀಳಿಸಿದರೆ ಸಾಲದು. ನಮ್ಮ ಕಣ್ಣಿಗೆ ಕಾಣುವುದು ಅದರ ಹಣ್ಣು ಅಷ್ಟೇ, ಮೈ ಇರುವುದು ಬೇರಿನಲ್ಲಿ. ಅದು ಅಣಬೆ ರೋಗವೇ ಆಗಿದ್ದರೆ ಮರದ ಆಸೆ ಬಿಡಲಿ. ಬೇರು ಸಮೇತ ಕಿತ್ತು ಸುಡಬೇಕು. ಪಕ್ಕದ ಮರಕ್ಕೆ ದಾಟದ ಹಾಗೆ ಸುತ್ತ ಒಂದಡಿ ಅಗಲ, ಎರಡಡಿ ಆಳ ಅಗಳು ತೋಡಿಸಲಿ. ಬಸಿಗಾಲುವೆಯಲ್ಲಿ ಕಸ ಕಟ್ಟಿಕೊಂಡು ನೀರು ನಿಲ್ಲದಿರಲಿ. ಅಜ್ಜ ನೆಟ್ಟ ಮರ ಅಂತ ಗೊತ್ತು. ಆದರೂ ಇದು ಈ ಮಳೆಗಾಲದಲ್ಲೇ ಆಗಲಿ.

ಚೌತಿಗೆ ಬರಲು ರಜೆ ಸಿಗಲಿಲ್ಲ. ದೀಪಾವಳಿಗೆ ಬರುತ್ತೇನೆ. ಆ ತೇವದ ಮೀಟರನ್ನೂ ತರುತ್ತೇನೆ, ನಿನ್ನ ಕಪಾಟಿನಲ್ಲಿ ಇಟ್ಟು ನೋಡೋಣ. ಅಷ್ಟರೊಳಗೆ ಬಚ್ಚಲ ಕಿಟಕಿ ತೆಗೆ. ಉಂಬಳ ಬಂದರೆ ಒಂದು ಚಿಟಿಕೆ ಉಪ್ಪು ಸಾಕು.

ಇಂತಿ ನಿನ್ನ ಮಗಳು