ಗ್ರೇಡಿಯಂಟ್ ಮಾಡೋಕೆ ದುಡ್ಡಿನ ಸಾಫ್ಟ್‌ವೇರೇ ಬೇಕಾ?

ಸಂಪಾದಕರೇ, ನಮಸ್ಕಾರ.

ವಿದ್ಯಾರ್ಥಿಗಳು ಪೋಸ್ಟರ್ ಮಾಡುವುದು ಹೇಗೆ ಅಂತ ನಿಮ್ಮ ಪುರವಣಿಯಲ್ಲಿ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಒಂದು ಬಣ್ಣ ನಿಧಾನಕ್ಕೆ ಇನ್ನೊಂದಕ್ಕೆ ತಿರುಗುವ ಗ್ರೇಡಿಯಂಟ್ ವಿಷಯ ಬಂದ ಕೂಡಲೇ, ತಿಂಗಳಿಗಿಷ್ಟು ಅಂತ ಚಂದಾ ಕಟ್ಟುವ ಸಾಫ್ಟ್‌ವೇರ್ ಇಲ್ಲದಿದ್ದರೆ ಆಗುವುದೇ ಇಲ್ಲ ಅಂದುಬಿಟ್ಟಿದ್ದಾರೆ. ದಿನವಿಡೀ ಲಗ್ನಪತ್ರಿಕೆ, ಫ್ಲೆಕ್ಸ್ ಅಂತ ಇದೇ ಕೆಲಸ ಮಾಡುವ ನನಗೆ ಸುಮ್ಮನಿರಲು ಆಗಲಿಲ್ಲ.

ವಿಂಡೋಸ್ ಜೊತೆಗೇ ಬರುವ ಪೇಂಟ್ ಇದೆಯಲ್ಲ, ಅದನ್ನೇ ತಗೊಳ್ಳಿ. ಅದರಲ್ಲಿ ಗ್ರೇಡಿಯಂಟ್ ಟೂಲ್ ಇಲ್ಲ, ನಿಜ. ಆದರೂ ದಾರಿ ಇದೆ. ಖಾಲಿ ಹಾಳೆಯಲ್ಲಿ ಒಂದು ಮೂಲೆಯಿಂದ ಎದುರು ಮೂಲೆಗೆ ನೀಲಿ ಗೆರೆ ಎಳೆಯಿರಿ. ಎರಡು ತ್ರಿಕೋನ ಆಗುತ್ತವೆ, ಮೇಲಿನದಕ್ಕೆ ಅದೇ ನೀಲಿ, ಕೆಳಗಿನದಕ್ಕೆ ಬಿಳಿ ತುಂಬಿ. ಈಗ ರೀಸೈಜ್‌ಗೆ ಹೋಗಿ, ಉದ್ದ ಅಗಲ ಒಟ್ಟಿಗೇ ಬದಲಾಗುವಂತೆ ಮಾಡುವ ಟಿಕ್ ತೆಗೆದು, ಅಗಲವನ್ನು 1 ಪಿಕ್ಸೆಲ್‌ಗೆ, ಅಂದರೆ ಒಂದೇ ಚುಕ್ಕೆಗೆ, ಇಳಿಸಿ. ಎತ್ತರ ಮುಟ್ಟಬೇಡಿ. ಕೂದಲೆಳೆಯಷ್ಟು ಗೆರೆ ಉಳಿಯುತ್ತದೆ, ಎಲ್ಲಾ ಹಾಳಾಯಿತು ಅನಿಸುತ್ತದೆ. ಗಾಬರಿ ಬೇಡ, ಅಗಲವನ್ನು ಮತ್ತೆ 1000 ಮಾಡಿ ನೋಡಿ. ಮೇಲಿಂದ ಕೆಳಕ್ಕೆ ನೀಲಿ ಬಿಳಿಯಾಗುತ್ತಾ ಇಳಿದಿರುತ್ತದೆ!

ಇದರಲ್ಲಿ ಮಾಯ ಮಂತ್ರ ಏನಿಲ್ಲ. ಓರೆ ಗೆರೆ ಇರುವುದರಿಂದ ಒಂದೊಂದು ಸಾಲಿನಲ್ಲೂ ನೀಲಿ ಎಷ್ಟು, ಬಿಳಿ ಎಷ್ಟು ಅನ್ನುವ ಪಾಲು ಬೇರೆ ಬೇರೆ. ಸಾಲನ್ನು ಒಂದೇ ಚುಕ್ಕೆಗೆ ಅದುಮಿದಾಗ ಪೇಂಟ್ ಆ ಪಾಲಿನ ಸರಾಸರಿ ತೆಗೆಯುತ್ತದೆ, ಅಷ್ಟೇ. ಶಾಲೆಯ ಕಂಪ್ಯೂಟರ್ ಕ್ಲಾಸಿನಲ್ಲಿ ಪೇಂಟ್ ಅಂದರೆ ಮನೆ, ತೆಂಗಿನಮರ, ಎರಡು ಗುಡ್ಡದ ನಡುವೆ ಸೂರ್ಯ ಅಂತ ಬರೆಸುತ್ತಾರಲ್ಲ, ಅದರ ಬದಲು ಇದನ್ನು ಒಮ್ಮೆ ಮಾಡಿಸಿದರೆ ಸರಾಸರಿ ಲೆಕ್ಕವೂ ಅರ್ಥವಾಗುತ್ತದೆ ಅಲ್ವಾ?

ಇಷ್ಟು ಸರ್ಕಸ್ ಬೇಡ ಅನ್ನುವವರಿಗೆ ಚಂದಾ ಇಲ್ಲದ ಚಿತ್ರದ ಸಾಫ್ಟ್‌ವೇರ್‌ಗಳೇ ಇವೆ, ಪೇಂಟ್ ಡಾಟ್ ನೆಟ್ ಇದೆ, ಗಿಂಪ್ ಇದೆ. ಪೇಂಟ್ ಡಾಟ್ ನೆಟ್ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದದ್ದು. ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಅದಕ್ಕೆ ಬೆಲೆ ಇದೆ, ಅದರ ಸ್ವಂತ ಸೈಟ್‌ನಿಂದ ಇಳಿಸಿಕೊಂಡರೆ ಪುಕ್ಕಟೆ. ಎರಡರಲ್ಲೂ ಜಿ ಕೀಲಿ ಒತ್ತಿ, ಎರಡು ಬಣ್ಣ ಆರಿಸಿ, ಮೌಸ್ ಎಳೆದರೆ ಆಯಿತು.

ಟೂಲ್ ಸಿಕ್ಕಿದ ಮೇಲೆ ಬರುವ ತಾಪತ್ರಯಗಳೇ ಬೇರೆ. ಬರಹದಲ್ಲಿ ಅವುಗಳ ಸುದ್ದಿಯೇ ಇಲ್ಲ. ಕೆಂಪಿನಿಂದ ಹಸಿರಿಗೆ ಗ್ರೇಡಿಯಂಟ್ ಎಳೆದು ನೋಡಿ, ನಡುವೆ ಕೆಸರು ಬಣ್ಣ ಬರುತ್ತದೆ. ಕಂಪ್ಯೂಟರ್ ಒಂದೊಂದು ಬಣ್ಣವನ್ನೂ 0ಯಿಂದ 255ರವರೆಗೆ ಅಳೆಯುತ್ತದೆ. ಕೆಂಪು 255ರಿಂದ ಇಳಿಯುತ್ತಾ, ಹಸಿರು ಸೊನ್ನೆಯಿಂದ ಏರುತ್ತಾ ಮಧ್ಯದಲ್ಲಿ ಎರಡೂ 128ರ ಹತ್ತಿರ ಬಂದು ನಿಲ್ಲುತ್ತವೆ, ಅಂದರೆ ಎರಡೂ ಅರ್ಧಂಬರ್ಧ. ನಡುವೆ ಹಳದಿ ಕೂರಿಸಿ ಎರಡು ಭಾಗ ಮಾಡಿ ಎಳೆದರೆ ಕಳೆ ಬರುತ್ತದೆ.

ಇನ್ನೊಂದು ಕಾಟ ಪಟ್ಟೆಗಳದ್ದು. ಕಪ್ಪಿನಿಂದ ಸ್ವಲ್ಪವೇ ತಿಳಿಯಾದ ಬೂದು ಬಣ್ಣಕ್ಕೆ, ಅಂದರೆ 0ಯಿಂದ 40ಕ್ಕೆ ಹೋಗುತ್ತೀರಿ ಅಂತಿಟ್ಟುಕೊಳ್ಳಿ. ಇರುವುದೇ 40 ಮೆಟ್ಟಿಲು. 1920 ಪಿಕ್ಸೆಲ್ ಅಗಲದ ಪರದೆ ತುಂಬಬೇಕಾದರೆ ಒಂದೊಂದು ಮೆಟ್ಟಿಲೂ ಸುಮಾರು 48 ಪಿಕ್ಸೆಲ್ ಅಗಲ. ಹಾಗಾಗಿ ಕಣ್ಣಿಗೆ ಪಟ್ಟೆ ಹೊಡೆಯುತ್ತದೆ. ಮೇಲೆ ಚೂರು ನಾಯ್ಸ್, ಅಂದರೆ ಸಣ್ಣ ಸಣ್ಣ ಚುಕ್ಕೆ, ಉದುರಿಸಿದರೆ ಅಂಚು ಮರೆಯಾಗುತ್ತದೆ, ಜಾಸ್ತಿ ಆದರೆ ಮಾತ್ರ ಮರಳು ಚೆಲ್ಲಿದ ಹಾಗೆ ಕಾಣುತ್ತದೆ. ಇಷ್ಟೆಲ್ಲಾ ಮಾಡಿ ಕೊನೆಗೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಅಂತ ಕಳಿಸುತ್ತಾರೆ, ಅದು ಫೈಲನ್ನು ಹಿಂಡಿ ಹಿಪ್ಪೆ ಮಾಡಿ ಮತ್ತೆ ಪಟ್ಟೆ ಎಬ್ಬಿಸುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿ ಅಂದರೆ ಕೇಳುವವರು ಕಡಿಮೆ.

ನವೆಂಬರ್ ಬಂದರೆ ನನ್ನ ಹೊಟ್ಟೆ ಉರಿಯುವುದು ಬೇರೆ ಕಾರಣಕ್ಕೆ. ಕನ್ನಡ ಹೋರಾಟಗಾರ ಮ. ರಾಮಮೂರ್ತಿಯವರು ಕೊಟ್ಟ ಕನ್ನಡ ಬಾವುಟದಲ್ಲಿ ಹಳದಿ ಹಳದಿಯೇ, ಕೆಂಪು ಕೆಂಪೇ, ನಡುವೆ ನೇರ ಗೆರೆ. ನಮ್ಮ ಹುಡುಗರು ಪೋಸ್ಟರಿಗೆ ಅದನ್ನೂ ಗ್ರೇಡಿಯಂಟ್ ಮಾಡಿ, ನಡುವೆ ಕಿತ್ತಳೆ ಬಣ್ಣ ಹರಡಿ, ಅದರ ಮೇಲೆ ಹಳದಿ ಅಕ್ಷರದಲ್ಲಿ ಶುಭಾಶಯ ಬರೆಯುತ್ತಾರೆ. ಅರ್ಧ ಸಾಲು ಓದಲಿಕ್ಕೇ ಬರುವುದಿಲ್ಲ. ಗ್ರೇಡಿಯಂಟ್ ಬೇಕೇ ಬೇಕು ಅಂದರೆ ಹಿಂದಿನ ಆಕಾಶಕ್ಕೆ ಹಾಕಲಿ, ಬಾವುಟ ಬಿಟ್ಟುಬಿಡಲಿ.

ಮುಂದಿನ ಪುರವಣಿಯಲ್ಲಿ ಪೇಂಟ್‌ನ ಈ ವಿಧಾನವನ್ನು ಚಿತ್ರ ಸಮೇತ ಹಾಕಿದರೆ ಹಳೇ ಕಂಪ್ಯೂಟರ್ ಇರುವ ಮಕ್ಕಳಿಗೂ ಉಪಯೋಗ. ಸ್ಕ್ರೀನ್‌ಶಾಟ್ ಬೇಕಾದರೆ ನಾನೇ ಕೊಡುತ್ತೇನೆ. ಇಮೇಲ್‌ನಲ್ಲಿ, ವಾಟ್ಸ್‌ಆ್ಯಪ್‌ನಲ್ಲಲ್ಲ.

— ಒಬ್ಬ ಡಿಟಿಪಿ ಕೆಲಸಗಾರ, ದಾವಣಗೆರೆ