ರಣಹದ್ದಿನ ಪಕ್ಕ ಔಷಧಿ ಸೀಸೆಯನ್ನೂ ಇಡಿ

ಮಾನ್ಯ ಸಂಪಾದಕರೇ,

ಮೈಸೂರಿನ ಕಾರಂಜಿ ಕೆರೆ ದಂಡೆಯ ಪ್ರಾಕೃತಿಕ ಸಂಗ್ರಹಾಲಯಕ್ಕೆ ಹಳ್ಳಿ ಶಾಲೆಗಳ ಮಕ್ಕಳೂ ಬರುತ್ತಾರೆ. ಎಷ್ಟೋ ಮಕ್ಕಳ ಮನೆಯಲ್ಲಿ ಹಸುವೋ ಎಮ್ಮೆಯೋ ಇರುತ್ತದೆ. ಅಂಥವರಿಗೆ ರಣಹದ್ದಿನ ಬಗ್ಗೆ ಹೇಳುವಾಗ ಪಕ್ಕದಲ್ಲೇ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿಯ ಸೀಸೆಯನ್ನೂ ಇಟ್ಟು ತೋರಿಸಬೇಕು ಎಂದು ಕೇಳಲು ಈ ಪತ್ರ.

ನಾನು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿದವನು. ಕೆಚ್ಚಲು ಬಾವು, ಕುಂಟು, ಜ್ವರ, ಏನೇ ಇರಲಿ, ಒಂದು ಕಾಲಕ್ಕೆ ಅದೇ ಇಂಜೆಕ್ಷನ್. ಅಗ್ಗ, ನೋವೂ ಬೇಗ ಇಳಿಯುತ್ತಿತ್ತು. ಹಸುವಿಗೇನೂ ತೊಂದರೆ ಇಲ್ಲ. ಆದರೆ ಚುಚ್ಚಿದ ಒಂದೆರಡು ದಿನದಲ್ಲಿ ಹಸು ಸತ್ತು, ಅದನ್ನು ಊರಾಚೆ ಎಸೆದರೆ, ತಿಂದ ರಣಹದ್ದಿನ ಮೂತ್ರಪಿಂಡ ಕೆಡುತ್ತದೆ. ಯೂರಿಕ್ ಆಮ್ಲ ಹೊರಗೆ ಹೋಗದೆ ಒಳಗೇ ಉಳಿಯುತ್ತದೆ. ಸತ್ತ ಹಕ್ಕಿಯನ್ನು ಕೊಯ್ದು ನೋಡಿದರೆ ಲಿವರ್, ಹೃದಯದ ಮೇಲೆಲ್ಲ ಸುಣ್ಣ ಬಳಿದ ಹಾಗೆ ಬಿಳಿ ಪದರ. ಕೊಳೆತ ಮಾಂಸ ಅರಗಿಸಿಕೊಳ್ಳುವ ಹಕ್ಕಿಗೆ ನಮ್ಮ ನೋವಿನ ಔಷಧಿ ಅರಗಲಿಲ್ಲ ನೋಡಿ!

1990ರ ದಶಕದಿಂದ ಈಚೆಗೆ ದೇಶದ ಬಿಳಿ ಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99ರಷ್ಟು ಹೋಗಿಬಿಟ್ಟವು. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿ, ಮತ್ತೆ ಹೆಚ್ಚುವುದು ಸುಲಭವಾ? 2012ರಲ್ಲಿ ರಾಮನಗರದ ರಾಮದೇವರ ಬೆಟ್ಟವನ್ನು ರಣಹದ್ದು ಧಾಮ ಮಾಡಿದರು. ಒಳ್ಳೆಯದೇ. ಆದರೆ ಧಾಮ ಇರುವುದು ಸುಮಾರು 346 ಹೆಕ್ಟೇರ್. ರಣಹದ್ದು ಹೊಟ್ಟೆಪಾಡಿಗೆ ಹತ್ತಾರು ಕಿಲೋಮೀಟರ್ ಹಾರುತ್ತದೆ. ಸುತ್ತಲ ಹಳ್ಳಿಯ ಔಷಧಿ ಅಂಗಡಿ ಸರಿಯಿಲ್ಲದಿದ್ದರೆ ಬೆಟ್ಟ ಕಾದು ಏನು ಬಂತು?

ಕಾನೂನಿಗೇನೂ ಬರವಿಲ್ಲ. 2006ರಲ್ಲೇ ಜಾನುವಾರಿಗೆ ಡೈಕ್ಲೋಫೆನಾಕ್ ಕೊಡುವುದು ನಿಷೇಧವಾಯಿತು. ಆಮೇಲೆ ಮನುಷ್ಯರಿಗೆಂದು ಮಾರುವ ದೊಡ್ಡ ಸೀಸೆಯನ್ನೇ ತಂದು ದನಕ್ಕೆ ಚುಚ್ಚಿದರು. ಅದು ನಿಲ್ಲಲೆಂದು 2015ರಲ್ಲಿ ಆ ಸೀಸೆಯನ್ನು 3 ಮಿ.ಲೀ.ಗೆ ಇಳಿಸಿದರು. 2023ರಲ್ಲಿ ಕೀಟೋಪ್ರೊಫೆನ್, ಅಸೆಕ್ಲೋಫೆನಾಕ್ ಎಂಬ ನೋವಿನ ಔಷಧಿಗಳೂ ಜಾನುವಾರಿಗೆ ನಿಷೇಧ. ಎಲ್ಲ ಗೆಜೆಟ್‌ನಲ್ಲಿದೆ. ಬೆಳಿಗ್ಗೆ ಡೇರಿ ಮುಂದೆ ಕ್ಯಾನ್ ಹಿಡಿದು ನಿಂತವರಿಗೆ ಹೇಳಿದವರು ಯಾರು?

ಬದಲಿ ಔಷಧಿ ಇಲ್ಲ ಅಂತಲೂ ಅಲ್ಲ. ಮೆಲಾಕ್ಸಿಕಾಂ ಇದೆ, ರಣಹದ್ದಿಗೆ ಅಪಾಯವಿಲ್ಲ ಅಂತ ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಹಾಗಾಗಿ ಸಂಗ್ರಹಾಲಯದವರು ಎರಡು ಖಾಲಿ ಸೀಸೆ ಇಡಲಿ. ಬೇಡದ್ದಕ್ಕೆ ಕೆಂಪು ಚೀಟಿ, ಬೇಕಾದ್ದಕ್ಕೆ ಹಸಿರು. ಹೆಸರು ದಪ್ಪ ಕನ್ನಡ ಅಕ್ಷರದಲ್ಲಿರಲಿ, ಮಕ್ಕಳು ಬರೆದುಕೊಳ್ಳುತ್ತಾರೆ. ಮುಂದೆ ಕೊಟ್ಟಿಗೆಗೆ ಡಾಕ್ಟರು ಬಂದಾಗ "ಇದು ಯಾವ ಇಂಜೆಕ್ಷನ್ ಸಾರ್?" ಅಂತ ಕೇಳಲಿ. ದೊಡ್ಡವರು ಕೇಳಿದರೆ ಸುಮ್ನೆ ಏನೋ ಹೇಳಿ ಸಾಗಹಾಕಬಹುದು, ಮಕ್ಕಳು ಬಿಡುವುದಿಲ್ಲ.

ಮೆಲಾಕ್ಸಿಕಾಂನ ಖಾಲಿ ಸೀಸೆ ಬೇಕಿದ್ದರೆ ನಾನೇ ತಂದುಕೊಡುತ್ತೇನೆ.

– ಪಶು ಆಸ್ಪತ್ರೆಯ ನಿವೃತ್ತ ನೌಕರ, ಗುಂಡ್ಲುಪೇಟೆ