ಎಸಿ ಬದಲಿಸುವ ಮೊದಲು ಮಾಳಿಗೆ ನೋಡಿ, ವೈರ್ ನೋಡಿ

ಮಾನ್ಯರೇ,

ಹೋದ ಮೇ ತಿಂಗಳಲ್ಲಿ ನಮ್ಮ ಮನೆಯ ಹಳೆಯ ಎಸಿ ತೆಗೆಸಿ ಹೊಸದು ಹಾಕಿಸಿದೆವು. ನಾಲ್ಕನೆಯ ರಾತ್ರಿ ಗೋಡೆಯ ವೈರ್ ಸುಟ್ಟಿತು. ಅಪ್ಪನಿಗೆ 78 ವರ್ಷ. ಅವರು ಮಲಗಿದ್ದ ಮಂಚದಿಂದ ಒಂದು ಮಾರು ದೂರದಲ್ಲಿ ಸ್ವಿಚ್ ಬೋರ್ಡ್ ಕರಗಿ ಜೋತು ಬಿದ್ದಿತ್ತು. ವಾಸನೆಗೆ ಅವ್ವ ಎದ್ದಳು, ಓಡಿ ಹೋಗಿ ಮೇನ್ ಇಳಿಸಿದಳು, ಅದರಿಂದ ಉಳಿದೆವು. ಬೇಸಿಗೆ ಬಂತೆಂದರೆ ಎಷ್ಟೋ ಹಳೆಯ ಮನೆಗಳಲ್ಲಿ ಇದೇ ಕೆಲಸ ನಡೆಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಕಲಬುರಗಿಯ ಹಳೆಯ ಭಾಗದ ಮನೆ. ಮುಂದಿನ ಪಡಸಾಲೆ ಅಜ್ಜನ ಕಾಲದ್ದು. ಶಹಾಬಾದ್ ಕಲ್ಲಿನ ಗೋಡೆ, ತೊಲೆ, ಜಂತಿ, ಮೇಲೆ ಮೊಳದಷ್ಟು ಮಣ್ಣಿನ ಮಾಳಿಗೆ. ಹಿಂದಿನ ಎರಡು ಕೋಣೆ 1988ರಲ್ಲಿ ಆರ್‌ಸಿಸಿ ಹಾಕಿ ಕಟ್ಟಿದ್ದು. ಹೊರಗೆ 42 ಡಿಗ್ರಿ ಇದ್ದರೂ ಪಡಸಾಲೆಯಲ್ಲಿ ಬರೀ ಫ್ಯಾನ್ ಸಾಕು. ಹಿಂದಿನ ಕೋಣೆಗೆ ಕಾಲಿಟ್ಟರೆ ರೊಟ್ಟಿ ಹಂಚಿನ ಮುಂದೆ ಕೂತಂತೆ. ಅಪ್ಪನಿಗೆ ಮೊಣಕಾಲು ನೋವು, ಬಚ್ಚಲು ಹಿಂದೆ ಇದೆ, ಹಾಗಾಗಿ ಅವರು ಅಲ್ಲೇ ಮಲಗಬೇಕು.

ಹಳೆಯ ಎಸಿ 2007ರದು, ಒಂದೂವರೆ ಟನ್ನಿನ ಸ್ಪ್ಲಿಟ್. ಅಂಗಡಿಯಲ್ಲಿ ನಮ್ಮನ್ನು ಕೇಳಿದ್ದು ಎರಡೇ ಪ್ರಶ್ನೆ: ಕೋಣೆ ಎಷ್ಟು ಅಡಿ, ಇಎಂಐ ಬೇಕಾ. ಮೇಲಿನ ಸ್ಲ್ಯಾಬಿಗೆ ಇಡೀ ದಿನ ಬಿಸಿಲು ಬೀಳುತ್ತದಾ, ಪಡುವಣ ಗೋಡೆಗೆ ನೆರಳಿದೆಯಾ, ವೈರಿಂಗ್ ಎಷ್ಟು ವರ್ಷದ್ದು, ಇದನ್ನೆಲ್ಲ ಯಾರೂ ಕೇಳಲಿಲ್ಲ. ಕೋಣೆ ತಂಪಾಗ್ತಿರಲಿಲ್ಲ ಅಂದದ್ದಕ್ಕೆ ಹಾಗಾದ್ರೆ 2 ಟನ್ ತಗೊಳ್ಳಿ ಅಂದರು. ಚಳಿಗಾಲದಲ್ಲಿ ಬಿಸಿಗಾಳಿಯನ್ನೂ ಕೊಡುತ್ತದೆ ಅಂತ ಹಾಟ್ ಅಂಡ್ ಕೋಲ್ಡ್ ಮಾದರಿಯನ್ನೂ ತೋರಿಸಿದರು. ಅದು ಒಳ್ಳೆಯ ಯಂತ್ರವೇ. ಗ್ಯಾಸ್ ಹರಿಯುವ ದಿಕ್ಕು ತಿರುಗಿಸಿ ಹೊರಗಿನ ಶಾಖವನ್ನು ಒಳಗೆ ತರುತ್ತದೆ, ದಿಲ್ಲಿಯ ಚಳಿಗೆ ಬೇಕು. ಕಲಬುರಗಿಯ ಚಳಿಗೆ ಒಂದು ಕೌದಿ ಸಾಕು, ಅಲ್ವಾ? ಅದನ್ನು ಬೇಡ ಅಂದೆವು. 2 ಟನ್ನಿಗೆ ಮಾತ್ರ ಒಪ್ಪಿಬಿಟ್ಟೆವು.

ಮರುದಿನ ಹುಡುಗ ಬಂದ. ಹೊರಗಿನ ಯೂನಿಟ್ಟಿನ ನಟ್ಟಿಗೆ ಸ್ಪ್ಯಾನರ್ ಹಾಕಿ ಸಡಿಲಿಸಿದ. ಸುಸ್ ಅಂತ ಶುರುವಾಯಿತು. ಹಿತ್ತಲ ತುಂಬ ಎಣ್ಣೆಯ ವಾಸನೆ, ನಟ್ಟಿನ ಸುತ್ತ ಬಿಳಿಯ ಹಿಮ ಕಟ್ಟಿತು, ಆ ಬಿಸಿಲಲ್ಲಿ! ಏನಪ್ಪಾ ಇದು ಅಂದರೆ "ಹಳೇ ಗ್ಯಾಸ್ ಸರ್, ಬಿಟ್ಟುಬಿಡೋದು" ಅಂದ. ಅದು ಆರ್-22. ಓಝೋನ್ ಪದರ ತಿನ್ನುವ ಗ್ಯಾಸ್. 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಲೋಕವೆಲ್ಲ ಕೈಬಿಡುತ್ತಿರುವಂಥದ್ದು. ಭೂಮಿಯನ್ನು ಬಿಸಿ ಮಾಡುವುದರಲ್ಲಂತೂ ಅದರ ಒಂದು ಕಿಲೋ ಸುಮಾರು 1,800 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮ. ಅಂಥ ಎಸಿಯಲ್ಲಿ ಸುಮಾರು ಒಂದು ಕಿಲೋ ಇರುತ್ತದೆ. ಅಪ್ಪನ ಕೋಣೆ ತಂಪು ಮಾಡಲು ಹೋಗಿ ನಾವು ಮಾಡಿದ್ದು ಇದು, ನೆನೆಸಿಕೊಂಡರೆ ಇವತ್ತಿಗೂ ಬೇಜಾರಾಗುತ್ತದೆ.

ಇದನ್ನು ತಪ್ಪಿಸಬಹುದಿತ್ತು. ನಮ್ಮದು ಒಳಗಿನ ಕಾಯಿಲ್ ಹಾಳಾಗಿತ್ತೇ ಹೊರತು ಕಂಪ್ರೆಸರ್ ಓಡುತ್ತಿತ್ತು. ಕಂಪ್ರೆಸರ್ ಓಡುವಾಗ ಒಂದು ವಾಲ್ವ್ ಮುಚ್ಚಿ, ಗ್ಯಾಸನ್ನು ಹೊರಗಿನ ಯೂನಿಟ್ಟಿಗೆ ಎಳೆದುಕೊಂಡು, ಆಮೇಲೆ ಇನ್ನೊಂದನ್ನು ಮುಚ್ಚುತ್ತಾರೆ. ಪಂಪ್ ಡೌನ್ ಅಂತಾರೆ. ಐದು ನಿಮಿಷದ ಕೆಲಸ. ಕಂಪ್ರೆಸರ್ ಕೆಟ್ಟಿದ್ದರೆ ಗ್ಯಾಸನ್ನು ಸಿಲಿಂಡರಿಗೆ ತುಂಬಿಕೊಳ್ಳುವ ಬೇರೆ ಯಂತ್ರ ಬೇಕು. ಆ ಹುಡುಗನ ಹತ್ತಿರ ಅದಿರಲಿಲ್ಲ, ಅವನಿಗೆ ಕಲಿಸಿದವರೂ ಇರಲಿಲ್ಲ. ದಿನಕ್ಕೆ ಏಳೆಂಟು ಮನೆ ಮುಗಿಸಬೇಕು, ಒಂದೊಂದಕ್ಕೆ ಇಷ್ಟು ಅಂತ ಕೂಲಿ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಹಳೆಯ ತಾಮ್ರದ ಪೈಪನ್ನೇ ಬಳಸೋಣ, ದುಡ್ಡು ಉಳಿಯುತ್ತೆ ಅಂದ. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಹೊಸ ಯಂತ್ರದಲ್ಲಿರುವುದು ಆರ್-32, ಅದರ ಒತ್ತಡ ಹಳೆಯದರ ಒಂದೂವರೆ ಪಟ್ಟು, ಎಣ್ಣೆಯೂ ಬೇರೆ. ಅದೂ ಅಲ್ಲದೆ ಸ್ವಲ್ಪ ಮಟ್ಟಿಗೆ ಬೆಂಕಿ ಹಿಡಿಯುವ ಗ್ಯಾಸ್. ಹೊಸ ಪೈಪ್ ಹಾಕಿದ ಮೇಲೆ ವ್ಯಾಕ್ಯೂಮ್ ಪಂಪ್ ಇಟ್ಟು ಒಳಗಿನ ಗಾಳಿ, ತೇವ ಪೂರ್ತಿ ಎಳೆಯಬೇಕು. ತೇವ ಉಳಿದರೆ ಕಂಪ್ರೆಸರಿನ ಆಯಸ್ಸು ಕಡಿಮೆಯಾಗುತ್ತದೆ. ಎಷ್ಟೋ ಕಡೆ ಪಂಪ್ ತರುವುದೇ ಇಲ್ಲ, ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ತಳ್ಳಿ ಮುಗಿಸುತ್ತಾರೆ. ನಮ್ಮಲ್ಲೂ ಹಾಗೇ ಹೊರಟಿದ್ದ, ಪಂಪ್ ತರದೆ ಕೆಲಸ ಬೇಡ ಅಂತ ಕೂತೆ, ಸಂಜೆ ತಂದ.

ಇಷ್ಟೆಲ್ಲ ನೋಡಿದವನು ಕರೆಂಟ್ ಎಲ್ಲಿಂದ ಎಳೆದ ಅಂತ ನೋಡಲಿಲ್ಲ. ಹಳೆಯ ಎಸಿಗೆ ಕಿಟಕಿಯ ಪಕ್ಕ ಬೇರೆ ಲೈನೇ ಇತ್ತು. ಪೈಪ್ ಗಿಡ್ಡ ಆಗಲಿ ಅಂತ ಹೊಸದನ್ನು ಎದುರಿನ ಗೋಡೆಗೆ ಹಾಕಿ, ಅಲ್ಲಿದ್ದ ಲೈಟು ಫ್ಯಾನಿನ ಬೋರ್ಡಿನಿಂದಲೇ ಜೋಡಿಸಿಬಿಟ್ಟಿದ್ದ. ಅದು ಮರದ ಪಟ್ಟಿಯ ಮೇಲೆ ಹೋದ 1988ರ ಅಲ್ಯೂಮಿನಿಯಂ ವೈರ್. 2 ಟನ್ ಎಸಿಗೆ 4 ಚದರ ಮಿಲಿಮೀಟರಿನ ತಾಮ್ರದ ವೈರ್, ಅದಕ್ಕೇ ಬೇರೆ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್), ಸರಿಯಾದ ಅರ್ಥಿಂಗ್ ಬೇಕು. ನಮ್ಮಲ್ಲಿ ಪಿಂಗಾಣಿ ಫ್ಯೂಸ್ ಇತ್ತು. ಅದು ಹೋಗಬೇಕಿತ್ತು, ಹೋಗಲಿಲ್ಲ, ಯಾಕಂದರೆ ಯಾವಾಗಲೋ ಯಾರೋ ಅದಕ್ಕೆ ದಪ್ಪ ತಂತಿ ಸುತ್ತಿದ್ದರು. ಅಂಗಡಿಯವರಿಗೆ ಫೋನ್ ಮಾಡಿದರೆ "ವೈರಿಂಗ್ ನಿಮ್ಮ ಜವಾಬ್ದಾರಿ" ಅಂದರು. ಸರಿ, ನಮ್ಮದೇ ಅಂದುಕೊಳ್ಳೋಣ. ಮಾರುವ ಮೊದಲು ಒಂದು ಮಾತು ಹೇಳಬಹುದಿತ್ತಲ್ಲ?

ಆಮೇಲೆ ಬಂದ ಎಲೆಕ್ಟ್ರಿಷಿಯನ್ ಒಬ್ಬ ಹಿರಿಯರು. ವೈರ್ ಬದಲಿಸಿ ಮುಗಿಸಿ ಸ್ಟೂಲ್ ಹತ್ತಿ ಸ್ಲ್ಯಾಬಿಗೆ ಅಂಗೈ ಒತ್ತಿದರು. ರಾತ್ರಿ ಒಂಬತ್ತು ಗಂಟೆ. ನನ್ನನ್ನೂ ಹತ್ತಿಸಿದರು. ಹತ್ತು ಎಣಿಸುವಷ್ಟು ಹೊತ್ತು ಕೈ ಇಡಲಾಗಲಿಲ್ಲ. "ನಿಮ್ಮ ಎಸಿ ಕೋಣೆ ತಣ್ಣಗೆ ಮಾಡ್ತಿಲ್ಲ, ಈ ಸ್ಲ್ಯಾಬ್ ತಣ್ಣಗೆ ಮಾಡ್ತಿದೆ" ಅಂದರು. ನಿಜ. ಆರ್‌ಸಿಸಿ ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಕೆಳಗೆ ಬಿಡುತ್ತದೆ. ಅಜ್ಜನ ಮಾಳಿಗೆಯ ಮಣ್ಣು ದಪ್ಪ, ಶಾಖ ಕೆಳಗಿಳಿಯುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ.

ಸುಣ್ಣದ ಕಲ್ಲು ತಂದು ರಾತ್ರಿ ನೀರಲ್ಲಿ ಅರಳಿಸಿ, ಅಂಟು ಕಲಸಿ, ಚಾವಣಿಯ ಮೇಲೆ ಎರಡು ಸಲ ಬಳಿದೆವು. ಖರ್ಚು 1,400 ರೂಪಾಯಿ. ಪಡುವಣ ಗೋಡೆಗೆ ಹಸಿರು ನೆಟ್ ಕಟ್ಟಿದೆವು. ವಾರದ ನಂತರ ಅದೇ ಹೊತ್ತಿಗೆ ಸ್ಟೂಲ್ ಹತ್ತಿದೆ. ಸ್ಲ್ಯಾಬ್ ಬೆಚ್ಚಗಿತ್ತು, ಕೈ ತೆಗೆಯಬೇಕು ಅನ್ನಿಸಲಿಲ್ಲ. ಈಗ ಎಸಿಯನ್ನು 26ಕ್ಕೆ ಇಟ್ಟು ಫ್ಯಾನ್ ಹಾಕಿದರೆ ಅಪ್ಪ ಚೆನ್ನಾಗಿ ನಿದ್ದೆ ಮಾಡುತ್ತಾರೆ. ಒಂದು ಡಿಗ್ರಿ ಏರಿಸಿದರೆ ಸುಮಾರು 6 ಪರ್ಸೆಂಟ್ ಕರೆಂಟ್ ಉಳಿಯುತ್ತದೆ ಅಂತ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ. ಸುಣ್ಣ ಮೊದಲೇ ಬಳಿದಿದ್ದರೆ ಒಂದೂವರೆ ಟನ್ನೇ ಧಾರಾಳ ಆಗುತ್ತಿತ್ತು.

ಬಿಲ್ಲಿನ ಮಾತೂ ಇದೆ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಎಸಿ ಗಂಟೆಗೆ ಒಂದು ಯೂನಿಟ್ ತಿಂದರೂ ರಾತ್ರಿ ಎಂಟು ಗಂಟೆ ಓಡಿಸಿದರೆ ತಿಂಗಳಿಗೆ 240 ಆಯಿತು. ಕೈಲಾಗದವರು ಕೂಲರ್ ಬಿಡಬೇಡಿ. ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಒಣ ಗಾಳಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ, 200 ವ್ಯಾಟ್ ಸಾಕು. ಎದುರಿನ ಕಿಟಕಿ ತೆರೆದಿಡಬೇಕು ಅಷ್ಟೇ. ಮುಚ್ಚಿದರೆ ಕೋಣೆಯಲ್ಲಿ ಸೆಖೆ ತುಂಬುತ್ತದೆ.

ನಮ್ಮ ಪಕ್ಕದ ತೆಲಂಗಾಣ 2023ರಲ್ಲೇ ತಂಪು ಚಾವಣಿಗೆ ಅಂತ ಒಂದು ನೀತಿ ತಂದಿದೆ. ಅಲ್ಲಿಯ ಬಿಸಿಲೂ ನಮ್ಮ ಬಿಸಿಲೂ ಒಂದೇ. ಕಲಬುರಗಿ, ರಾಯಚೂರು, ಯಾದಗಿರಿ, ಬಳ್ಳಾರಿಯ ಬಡವರ ಆರ್‌ಸಿಸಿ ಮನೆಗಳಿಗೆ ಫೆಬ್ರುವರಿಯಲ್ಲೇ ಸುಣ್ಣ ಬಳಿಸಲು ನಮ್ಮ ಸರ್ಕಾರ ದುಡ್ಡು ಕೊಡಲಿ. ಎಸಿ ಮಾರುವವರು ಮನೆಗೆ ಬಂದು ವೈರ್, ಮೀಟರ್, ಮಾಳಿಗೆ ನೋಡಿ ಬರೆದುಕೊಟ್ಟ ಮೇಲೆಯೇ ಮಾರುವಂತೆ ನಿಯಮ ಆಗಲಿ. ಐಟಿಐಗಳಲ್ಲಿ ಎರಡು ವರ್ಷದ ಎಸಿ ಕೋರ್ಸ್ ಇದ್ದೇ ಇದೆ. ಅಲ್ಲಿಗೆ ಹೋಗಲಾಗದೆ ಕೆಲಸಕ್ಕೆ ಇಳಿದ ಹುಡುಗರಿಗೆ ಅಲ್ಲೇ ವಾರದ ತರಬೇತಿ ಕೊಟ್ಟು, ಗ್ಯಾಸ್ ಹಿಡಿಯುವ ಯಂತ್ರವನ್ನು ದಿನದ ಬಾಡಿಗೆಗೆ ಸಿಗುವಂತೆ ಮಾಡಲಿ.

ನಮ್ಮ ಇನ್ನೊಂದು ಕೋಣೆಯಲ್ಲಿ ಹಳೆಯ ವಿಂಡೋ ಎಸಿ ಇದೆ, ಅದರದೂ ಆರ್-22. ಮೂರು ವರ್ಷದಿಂದ ನಿಂತಿದೆ, ಗ್ಯಾಸ್ ಇನ್ನೂ ಒಳಗೇ ಇದೆ. ಗುಜರಿಯವರು ಎರಡು ಸಲ ಕೇಳಿದರು, ಕೊಟ್ಟಿಲ್ಲ. ಅವರು ತಾಮ್ರಕ್ಕಾಗಿ ಪೈಪ್ ಕತ್ತರಿಸುತ್ತಾರೆ, ಅಷ್ಟೇ. ಎಸಿ ಇ-ತ್ಯಾಜ್ಯದ ಪಟ್ಟಿಯಲ್ಲಿ ಇರುವಂಥದ್ದು. ಕಲಬುರಗಿಯಲ್ಲಿ ಇದನ್ನು ಗ್ಯಾಸ್ ಸಮೇತ ತೆಗೆದುಕೊಳ್ಳುವ ಜಾಗ ಎಲ್ಲಿದೆ ಅಂತ ಸಂಬಂಧಪಟ್ಟವರು ಇದೇ ಅಂಕಣದಲ್ಲಿ ತಿಳಿಸಿದರೆ ಮರುದಿನವೇ ಆಟೋದಲ್ಲಿ ಹಾಕಿಕೊಂಡು ಬರುತ್ತೇನೆ.

ಒಬ್ಬ ಓದುಗ, ಬ್ರಹ್ಮಪುರ, ಕಲಬುರಗಿ